ಕುದುರೆಗೆ ಹೆಸರಿದೆ, ಹಗ್ಗ ಹಿಡಿದವನಿಗಿಲ್ಲ: ಬ್ರಿಟಿಷರ ಬೇಟೆ ಚಿತ್ರಗಳನ್ನ ನಮ್ಮ ಕಡೆಯಿಂದ ನೋಡಿದ್ರೆ

ಸಾಮಾನ್ಯವಾಗಿ ನಾನು ಮಾತಾಡ್ತೀನಿ, ನೀವು ಬಸ್ಸಲ್ಲೋ ಬೈಕ್ ನಿಲ್ಲಿಸ್ಕೊಂಡೋ ಕೇಳ್ತೀರಿ. ಈ ಸಂಚಿಕೆಯಲ್ಲಿ ಮಾತ್ರ ಫೋನ್ ಜೇಬಲ್ಲಿ ಇಟ್ಕೊಳ್ಳಬೇಡಿ, ಕೈಯಲ್ಲೇ ಇರಲಿ. ವಿಷಯ ಚಿತ್ರಗಳದ್ದು. ನಡುನಡುವೆ ಚಿತ್ರದ ಹೆಸರು ಹೇಳ್ತೀನಿ, ಅಲ್ಲೇ ಸರ್ಚ್ ಮಾಡಿ ನೋಡಿ.

ದಾಂಡೇಲಿ, ಜೋಯಿಡಾ ಕಡೆ ಕಾಡಿನ ಥೀಮ್ ಇಟ್ಟುಕೊಂಡ ರೆಸಾರ್ಟುಗಳಲ್ಲಿ, ಹುಬ್ಬಳ್ಳಿ-ಧಾರವಾಡದ ಹಳೇ ಮಾದರಿ ಹೋಟೆಲುಗಳಲ್ಲಿ ಒಂದು ಜಾತಿಯ ಚಿತ್ರ ಕಣ್ಣಿಗೆ ಬೀಳುತ್ತೆ. ಕೆಂಪು ಕೋಟು, ಬಿಳಿ ಪ್ಯಾಂಟು ಹಾಕಿದ ಸಾಹೇಬರು ಕುದುರೆ ಮೇಲೆ ಬೇಲಿ ಹಾರ್ತಿರ್ತಾರೆ. ಮುಂದೆ ಇಪ್ಪತ್ತು ಮೂವತ್ತು ನಾಯಿಗಳು. ಇನ್ನೂ ಮುಂದೆ, ಚಿತ್ರದ ಮೂಲೆಯಲ್ಲಿ, ಒಂದು ಪುಟ್ಟ ನರಿ. ಹೊರಗೆ ಕಾಳಿ ನದಿ, ಮಂಗಟ್ಟೆ ಹಕ್ಕಿ, ಸಾಗವಾನಿ ಕಾಡು. ಒಳಗೆ ಗೋಡೆ ಮೇಲೆ ಇಂಗ್ಲೆಂಡಿನ ನರಿ! ಯಾರೋ ಫ್ರೇಮ್ ಅಂಗಡಿಯಿಂದ ಡಜನ್ ಲೆಕ್ಕದಲ್ಲಿ ತಂದು ನೇತುಹಾಕಿದ್ದು ಅಂತ ಬಿಟ್ಟುಬಿಡಬಹುದು. ಆದ್ರೆ ಈ ಚಿತ್ರಗಳು ಯಾಕೆ ಹುಟ್ಟಿದವು, ಅದರಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಅಂತ ಹುಡುಕ್ತಾ ಹೋದ್ರೆ ಅದು ಭಟ್ಕಳದ ಬಂದರಿಗೂ ಮಂಡ್ಯದ ಒಂದು ನಾಯಿಗೂ ಬಂದು ಮುಟ್ಟುತ್ತೆ.

ಮೊದಲು ಆ ಬೇಲಿ. ಚಿತ್ರದಲ್ಲಿ ಕುದುರೆ ಯಾವಾಗಲೂ ಬೇಲಿ ಅಥವಾ ಹಳ್ಳ ಹಾರ್ತಾ ಇರುತ್ತೆ, ಗಮನಿಸಿದ್ದೀರಾ? ಇಂಗ್ಲೆಂಡಿನಲ್ಲಿ ಹಳೇ ಕಾಲದ ದೊಡ್ಡ ಬೇಟೆ ಅಂದ್ರೆ ಜಿಂಕೆ. ಕಾಡು ಕಡಿಮೆಯಾಗ್ತಾ ಬಂತು, ಜಿಂಕೆಯೂ ಕಡಿಮೆ ಆಯ್ತು. ಹದಿನೆಂಟನೇ ಶತಮಾನದಲ್ಲಿ ಊರಿಗೆಲ್ಲ ಸೇರಿದ್ದ ಗೋಮಾಳದಂಥ ಬಯಲುಗಳನ್ನ ದೊಡ್ಡ ಜಮೀನ್ದಾರರು ಬೇಲಿ ಹಾಕಿ ತಮ್ಮದು ಮಾಡಿಕೊಳ್ಳೋದು ಜೋರಾಯ್ತು. ಅದೇ ಕಾಲಕ್ಕೆ ಲೆಸ್ಟರ್‌ಶೈರ್‌ನಲ್ಲಿ ಹ್ಯೂಗೋ ಮೇನೆಲ್ ಅನ್ನೋ ಸಿರಿವಂತ 1753ರಿಂದ ವೇಗವಾಗಿ ಓಡೋ ನಾಯಿಗಳ ತಳಿ ಬೆಳೆಸೋಕೆ ಶುರುಮಾಡಿದ. ವೇಗದ ನಾಯಿ ಹಿಂದೆ ವೇಗದ ಕುದುರೆ ಬೇಕು, ಬೇಲಿ ಬಂದ್ರೆ ಹಾರಬೇಕು. ಅಂದ್ರೆ ನಾವು 'ಸಾಹಸ' ಅಂತ ನೋಡೋ ಆ ಬೇಲಿ, ಯಾರದೋ ದನ ಮೇಯುತ್ತಿದ್ದ ಜಾಗಕ್ಕೆ ಬಿದ್ದ ಬೇಲಿಯೂ ಆಗಿರಬಹುದು. ಚಿತ್ರದಲ್ಲಿ ದನದವನು ಕಾಣಲ್ಲ.

ಬಿ.ಕಾಂ. ಓದಿದ ನನಗೆ ಈ ಚಿತ್ರಗಳನ್ನ ಕಲೆ ಅಂತ ನೋಡೋಕಿಂತ ಮೊದಲು ಆಸ್ತಿ ಪಟ್ಟಿ ಅಂತ ನೋಡೋದು ಸುಲಭ ಅನ್ನಿಸ್ತು. ಬ್ಯಾಲೆನ್ಸ್ ಶೀಟಿನ ಬಲಗಡೆ ಆಸ್ತಿ ಬರೀತೀವಲ್ಲ, ಹಂಗೆ. ನನ್ನ ಹೊಲ, ನನ್ನ ಮನೆ, ನನ್ನ ನಾಯಿಗಳು, ನನ್ನ ಕುದುರೆ. ದುಡ್ಡು ಕೊಟ್ಟು ಬರೆಸಿದವನಿಗೆ ಬೇಕಿದ್ದದ್ದು ಇದು. ಬೆನ್ ಮಾರ್ಷಲ್ ಅನ್ನೋ ಚಿತ್ರಕಾರ ಹೇಳಿಕೊಂಡಿದ್ದನಂತೆ: ಹೆಂಡತಿ ಚಿತ್ರಕ್ಕೆ ಹತ್ತು ಗಿನಿ ಕೊಡೋಕೆ ಹಿಂದೆಮುಂದೆ ನೋಡೋ ಗಂಡಸರು ಕುದುರೆ ಚಿತ್ರಕ್ಕೆ ಐವತ್ತು ಗಿನಿ ಎಣಿಸಿ ಕೊಡ್ತಾರೆ ಅಂತ.

ಈ ಲೋಕದ ದೊಡ್ಡ ಹೆಸರು ಜಾರ್ಜ್ ಸ್ಟಬ್ಸ್. 1724ರಲ್ಲಿ ಲಿವರ್‌ಪೂಲ್‌ನಲ್ಲಿ ಚರ್ಮ ಹದಮಾಡುವವರ ಮನೆಯಲ್ಲಿ ಹುಟ್ಟಿದವನು. ಕುದುರೆಯ ಹೊರಮೈ ಮಾತ್ರ ನೋಡಿ ಬರೆದ್ರೆ ಸಾಲದು ಅಂತ ಹಾರ್ಕ್‌ಸ್ಟೋ ಅನ್ನೋ ಹಳ್ಳಿಯಲ್ಲಿ ಸುಮಾರು ಹದಿನೆಂಟು ತಿಂಗಳು ಸತ್ತ ಕುದುರೆಗಳನ್ನ ಕೊಯ್ದು, ಪದರ ಪದರವಾಗಿ ಚರ್ಮ, ಸ್ನಾಯು, ಮೂಳೆ ಬರೆದುಕೊಂಡ. ಜೊತೆಗಿದ್ದವಳು ಮೇರಿ ಸ್ಪೆನ್ಸರ್. ಆ ವಾಸನೆ ನೆನೆಸಿಕೊಳ್ಳಿ. 1766ರಲ್ಲಿ ಅದೇ ಕುದುರೆಯ ಅಂಗರಚನೆಯ ಪುಸ್ತಕವಾಗಿ ಬಂತು. ಅವನ 'ವಿಸಲ್‌ಜಾಕೆಟ್' ಈಗ ಸರ್ಚ್ ಮಾಡಿ. ಸುಮಾರು 1762ರ ಚಿತ್ರ. ಮನುಷ್ಯನಿಲ್ಲ, ಹುಲ್ಲಿಲ್ಲ, ಆಕಾಶವಿಲ್ಲ. ಖಾಲಿ ಹಿನ್ನೆಲೆಯಲ್ಲಿ ನಿಜ ಗಾತ್ರದ ಕುದುರೆಯೊಂದೇ ಹಿಂಗಾಲ ಮೇಲೆ ಎದ್ದು ನಿಂತಿದೆ. 1997ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಅದನ್ನ 1.1 ಕೋಟಿ ಪೌಂಡಿಗೆ ಕೊಂಡಿತು. ಬೆಲೆ ಬಿಡಿ, ಆ ಕಣ್ಣು ನೋಡಿ. ಅದರಲ್ಲಿ ಸ್ವಲ್ಪ ಭಯ ಇದೆ ಅಂತ ನನಗನ್ನಿಸುತ್ತೆ.

ಇನ್ನೊಂದು ಚಿತ್ರ ನನಗೆ ಇದಕ್ಕಿಂತ ಮುಖ್ಯ: 1765ರ 'ಗಿಮ್‌ಕ್ರ್ಯಾಕ್'. 2011ರ ಹರಾಜಿನಲ್ಲಿ 2.2 ಕೋಟಿ ಪೌಂಡಿಗೂ ಮೇಲೆ ಹೋಯ್ತು. ಅದರ ಪೂರ್ತಿ ಹೆಸರನ್ನ ಕನ್ನಡಕ್ಕೆ ತಂದ್ರೆ ಹಿಂಗಾಗುತ್ತೆ: ನ್ಯೂಮಾರ್ಕೆಟ್ ಬಯಲಿನಲ್ಲಿ ಗಿಮ್‌ಕ್ರ್ಯಾಕ್, ಜೊತೆಗೆ ಒಬ್ಬ ತರಬೇತುದಾರ, ಒಬ್ಬ ಲಾಯದ ಹುಡುಗ, ಒಬ್ಬ ಜಾಕಿ. ಕುದುರೆಗೆ ಹೆಸರು. ಉಳಿದ ಮೂವರು 'ಒಬ್ಬ'. ಆ ಲಾಯದ ಹುಡುಗ ಮೊಣಕಾಲೂರಿ ಕುದುರೆಯ ಕಾಲು ತಿಕ್ಕುತ್ತಿದ್ದಾನೆ. ಸ್ಟಬ್ಸ್ ಅವನ ಮುಖವನ್ನ ತುಂಬಾ ನಿಷ್ಠೆಯಿಂದ ಬರೆದಿದ್ದಾನೆ, ಅಣಕವಿಲ್ಲ, ಕನಿಕರದ ನಾಟಕವೂ ಇಲ್ಲ. ಆದ್ರೂ ಹೆಸರು ಇಲ್ಲ. ಅದೇ ಚಿತ್ರದ ದೂರದಲ್ಲಿ ಅದೇ ಕುದುರೆ ರೇಸ್ ಗೆಲ್ಲುತ್ತಿರೋದೂ ಕಾಣುತ್ತೆ. ಒಂದೇ ಚಿತ್ರ, ಎರಡು ಕಾಲ, ಒಂದೇ ನಾಯಕ ಎರಡು ಸಲ. ಇದನ್ನ ನೆನಪಲ್ಲಿಡಿ, ಆಮೇಲೆ ಬೇಕಾಗುತ್ತೆ.

ಒಂದು ತಮಾಷೆ ಹೇಳಿ ಮುಂದೆ ಹೋಗ್ತೀನಿ. ಈ ಚಿತ್ರಗಳಲ್ಲಿ ಓಡೋ ಕುದುರೆ ಹೆಚ್ಚಾಗಿ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲ್ತಾ ಇರುತ್ತೆ. ಕುದುರೆ ಹಾಗೆ ಓಡಲ್ಲ! ನಾಲ್ಕೂ ಕಾಲು ನೆಲ ಬಿಡೋದು ನಿಜ, ಆದ್ರೆ ಅವು ಹೊಟ್ಟೆ ಕೆಳಗೆ ಮಡಚಿಕೊಂಡಾಗ. 1878ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೋ ತೆಗೆದ ಮೇಲೆಯೇ ಇದು ಇತ್ಯರ್ಥವಾಗಿದ್ದು. ಕುದುರೆ ಜೊತೆಗೇ ಬದುಕಿದ ಜನ ಅಷ್ಟು ವರ್ಷ ಕಣ್ಣಾರೆ ಕಂಡಿದ್ದನ್ನ ಬಿಟ್ಟು, ಮತ್ತೊಂದು ಚಿತ್ರದಲ್ಲಿ ಕಂಡಿದ್ದನ್ನೇ ಬರೀತಿದ್ರು.

ಈಗ ದಕ್ಷಿಣ ಭಾರತಕ್ಕೆ ಬರೋಣ. ಸ್ಟಬ್ಸ್ ಸುಮಾರು 1765ರಲ್ಲಿ ಬರೆದ ಒಂದು ಚಿತ್ರ ಮ್ಯಾಂಚೆಸ್ಟರ್ ಆರ್ಟ್ ಗ್ಯಾಲರಿಯಲ್ಲಿದೆ. ಹೆಸರು: ಚೀತಾ ಮತ್ತು ಗಂಡು ಜಿಂಕೆ, ಜೊತೆಗೆ ಇಬ್ಬರು ಭಾರತೀಯ ಸೇವಕರು. ಅದರ ಕಥೆ ಹಿಂಗಿದೆ. ಜಾರ್ಜ್ ಪಿಗಟ್ ಅನ್ನೋನು 1763ರವರೆಗೆ ಮದ್ರಾಸಿನ ಗವರ್ನರ್. ಊರಿಗೆ ಹೋಗುವಾಗ ಒಂದು ಚೀತಾ ಕರಕೊಂಡು ಹೋಗಿ ರಾಜ ಮೂರನೇ ಜಾರ್ಜ್‌ಗೆ ಕಾಣಿಕೆ ಕೊಟ್ಟ. ಇದು ಚಿರತೆ ಅಲ್ಲ. ಕನ್ನಡದಲ್ಲಿ ಚೀತಾಗೆ ಬೇರೆಯೇ ಪದ ಇದೆ: ಸಿವಂಗಿ. ನಾವು ಈ ಪದ ಮರೆತಿರೋದಕ್ಕೆ ಕಾರಣ ಸರಳ, ಕರೆಯೋಕೆ ಪ್ರಾಣಿಯೇ ಉಳಿಯಲಿಲ್ಲ. 1952ರಲ್ಲಿ ಭಾರತದಲ್ಲಿ ಅದು ಅಳಿದುಹೋಯ್ತು ಅಂತ ಸರ್ಕಾರ ಹೇಳಿತು. 2022ರಲ್ಲಿ ಕೂನೋಗೆ ತಂದಿದ್ದು ಆಫ್ರಿಕಾದವು.

ಸಿವಂಗಿಯನ್ನ ಪಳಗಿಸಿ ಜಿಂಕೆ ಮೇಲೆ ಬಿಡೋದು ನಮ್ಮ ನೆಲದ ಹಳೇ ವಿದ್ಯೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲೇ ಇದರ ವಿವರ ಬರುತ್ತೆ. ಟಿಪ್ಪುವಿನ ಬಳಿಯೂ ಬೇಟೆಯ ಸಿವಂಗಿಗಳಿದ್ದವು. ಕಣ್ಣಿಗೆ ಟೋಪಿ ಕಟ್ಟಿ ಎತ್ತಿನ ಗಾಡಿ ಮೇಲೆ ಕೂರಿಸಿಕೊಂಡು ಜಿಂಕೆ ಹಿಂಡಿನ ಹತ್ತಿರ ಹೋಗೋದು, ಟೋಪಿ ತೆಗೆದು ತೋರಿಸಿ ಬಿಡೋದು. ಇದಕ್ಕೆ ಬಯಲು ಬೇಕು, ಪ್ರಾಣಿಯ ಮನಸ್ಸು ಅರಿತವನು ಬೇಕು.

ವಿಂಡ್ಸರ್‌ನಲ್ಲಿ ರಾಜಮನೆತನದವರ ಮುಂದೆ ಪ್ರದರ್ಶನ ಇಟ್ರು. ಕಟ್ಟಿದ ಬಲೆಯೊಳಗೆ ಇಂಗ್ಲೆಂಡಿನ ದೊಡ್ಡ ಗಂಡು ಜಿಂಕೆ. ಸಿವಂಗಿಯನ್ನ ಬಿಟ್ರು. ಆದದ್ದೇ ಬೇರೆ. ಜಿಂಕೆ ಓಡಲಿಲ್ಲ, ತಿರುಗಿ ನಿಂತು ಕೊಂಬಲ್ಲಿ ಎದುರಿಸಿತು. ಸಿವಂಗಿಯೇ ಹಿಮ್ಮೆಟ್ಟಿತು. ಓಡಿ ಹೋಗೋ ಕೃಷ್ಣಮೃಗವನ್ನ ಬೆನ್ನಟ್ಟೋಕೆ ಕಲಿತ ಪ್ರಾಣಿಗೆ, ನಿಂತು ಗುದ್ದೋ ಪ್ರಾಣಿಯನ್ನ ಕೊಟ್ರೆ ಇನ್ನೇನಾಗುತ್ತೆ?

ಈಗ ಚಿತ್ರ ನೋಡಿ. ಪಿಗಟ್ ದುಡ್ಡು ಕೊಟ್ಟು ಬರೆಸಿದ ಈ ಚಿತ್ರದಲ್ಲಿ ಸೋಲು ಎಲ್ಲೂ ಇಲ್ಲ. ಬೇಟೆ ಇನ್ನೂ ಶುರುವಾಗಿಲ್ಲ. ಒಬ್ಬ ಸಿವಂಗಿಯ ಸೊಂಟದ ಪಟ್ಟಿ ಹಿಡಿದು ಅದರ ಕೆಂಪು ಟೋಪಿ ಸರಿಸಿದ್ದಾನೆ, ಇನ್ನೊಬ್ಬ ಕೈ ಚಾಚಿ ಜಿಂಕೆ ತೋರಿಸ್ತಿದ್ದಾನೆ. ಬಿಳಿ ಅಂಗಿ, ತಲೆಗೆ ಪೇಟ, ಸೊಂಟಕ್ಕೆ ದಟ್ಟಿ. ಕಾಲ್ಪನಿಕ ಗುಡ್ಡಗಾಡು. ಆ ಕ್ಷಣದಲ್ಲಿ ಎಲ್ಲ ಅವರ ಕೈಯಲ್ಲೇ ಇದೆ. ಸ್ಟಬ್ಸ್ ಇಬ್ಬರನ್ನೂ ಬೊಂಬೆಗಳ ಹಾಗೆ ಬರೆದಿಲ್ಲ. ಕೆಲಸ ಗೊತ್ತಿರೋ ಮನುಷ್ಯರ ಮೈಭಾಷೆ ಅದು. ಮದ್ರಾಸಿನಿಂದ ತಿಂಗಳುಗಟ್ಟಲೆ ಹಡಗಲ್ಲಿ, ಒಂದು ಸಿವಂಗಿಗೆ ಊಟ ಹಾಕ್ತಾ, ಚಳಿ ದೇಶಕ್ಕೆ ಹೋದವರು. ಚಿತ್ರದ ಶೀರ್ಷಿಕೆಯಲ್ಲಿ ಅವರು 'ಇಬ್ಬರು ಭಾರತೀಯ ಸೇವಕರು', ಅಷ್ಟೇ.

ಇನ್ನು ನಮ್ಮ ಜಿಲ್ಲೆಯ ಕುದುರೆ. ಇಂಗ್ಲೆಂಡಿನ ರೇಸ್ ಕುದುರೆಗಳ ಇಡೀ ಥರೋಬ್ರೆಡ್ ತಳಿಯ ಗಂಡು ವಂಶಾವಳಿ ಮೂರು ಹೋರಿಗುದುರೆಗಳಿಗೆ ಹೋಗಿ ನಿಲ್ಲುತ್ತೆ. ಮೂರೂ ಪೂರ್ವದಿಂದ ಹೋದವು: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗಾಡಾಲ್ಫಿನ್ ಅರೇಬಿಯನ್. ಡಾರ್ಲಿಯನ್ನ 1704ರಲ್ಲಿ ಸಿರಿಯಾದ ಅಲೆಪ್ಪೋದಿಂದ ಕಳಿಸಿದ್ರು. ಅದಕ್ಕೂ ಇನ್ನೂರು ವರ್ಷ ಮೊದಲೇ ಅರಬ್ ಕುದುರೆಗಳು ಹಡಗು ಹಡಗಾಗಿ ಇಳೀತಿದ್ದದ್ದು ಎಲ್ಲಿ? ನಮ್ಮ ಉತ್ತರ ಕನ್ನಡದ ಭಟ್ಕಳದಲ್ಲಿ. ವಿಜಯನಗರಕ್ಕೆ ಕುದುರೆ ಬೇಕೇ ಬೇಕಿತ್ತು. ಹೊರ್ಮುಜ್‌ನಿಂದ ಸಮುದ್ರದಲ್ಲಿ ಬಂದು ಭಟ್ಕಳದಲ್ಲಿ ಇಳಿದು ಘಟ್ಟ ಹತ್ತಿ ಹಂಪಿಗೆ ಹೋಗ್ತಿದ್ದವು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಈ ವ್ಯಾಪಾರವನ್ನ ಅಲ್ಲಿಗೆ ಎಳಕೊಳ್ಳೋಕೆ ನೋಡಿದ್ರು.

ಇಲ್ಲಿ ನನ್ನೊಳಗಿನ ಕಾಮರ್ಸ್ ವಿದ್ಯಾರ್ಥಿ ಎದ್ದು ಕೂರ್ತಾನೆ. ಹದಿನಾರನೇ ಶತಮಾನದಲ್ಲಿ ಹಂಪಿಗೆ ಬಂದಿದ್ದ ನೂನಿಜ್ ತಾನೇ ಕುದುರೆ ವ್ಯಾಪಾರಿ. ಅವನು ಬರೆಯೋ ಪ್ರಕಾರ ರಾಜ ವರ್ಷಕ್ಕೆ ಹೊರ್ಮುಜ್ ಮತ್ತು ನಾಡತಳಿ ಸೇರಿ ಹದಿಮೂರು ಸಾವಿರ ಕುದುರೆ ಕೊಳ್ತಿದ್ದ. ಸಾಳುವ ನರಸಿಂಹನ ವಿಷಯದಲ್ಲಿ ಇನ್ನೂ ಸೊಗಸಾದ ಮಾತು ಹೇಳ್ತಾನೆ: ದಾರಿಯಲ್ಲಿ, ಸಮುದ್ರದ ಮೇಲೆ ಸತ್ತ ಕುದುರೆಯ ಬಾಲ ತಂದು ತೋರಿಸಿದ್ರೂ ಸಾಕು, ಬದುಕಿದ್ದ ಕುದುರೆಯ ಬೆಲೆಯನ್ನೇ ಕೊಡ್ತಿದ್ದನಂತೆ. ನೋಡಿ, ಮರೈನ್ ಇನ್ಶೂರೆನ್ಸ್! ವ್ಯಾಪಾರಿ ರಿಸ್ಕಿಗೆ ಹೆದರಿ ಬೇರೆ ರಾಜನ ಹತ್ತಿರ ಹೋಗದೇ ಇರಲಿ ಅಂತ ರಿಸ್ಕನ್ನೇ ಕೊಳ್ಳೋದು. ಕ್ಲೇಮಿಗೆ ದಾಖಲೆ: ಒಂದು ಬಾಲ.

ಆ ವ್ಯಾಪಾರ ಕಲ್ಲಲ್ಲೂ ಇದೆ. ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಕುದುರೆಗಳನ್ನ ನಡೆಸಿಕೊಂಡು ಬರೋ ಪರದೇಶಿ ವ್ಯಾಪಾರಿಗಳಿದ್ದಾರೆ, ಜಿಂಕೆ ಬೇಟೆಯಿದೆ, ಬಿಲ್ಲು ಹಿಡಿದ ಹೆಣ್ಣುಮಕ್ಕಳಿದ್ದಾರೆ. ಬಹುಪಾಲು ಜನ ದಿಬ್ಬದ ಮೇಲೆ ಹತ್ತಿ ಸೆಲ್ಫಿ ತೆಗೆದು ಇಳೀತಾರೆ. ಸುತ್ತ ಒಂದು ರೌಂಡ್ ಹಾಕಿ. ಬ್ರಿಟಿಷ್ ಸ್ಪೋರ್ಟಿಂಗ್ ಆರ್ಟ್ ಅಂತ ಪುಸ್ತಕಗಳಲ್ಲಿ ಕರೆಯೋ ಕಲೆ ಶುರುವಾಗೋಕೆ ಮುಂಚೆಯೇ ಕುದುರೆ, ಬೇಟೆ, ದೊರೆತನ ಈ ಮೂರನ್ನೂ ಒಂದೇ ಗೋಡೆಗೆ ತಂದಿದ್ದಾರೆ.

ಹಾಗಾದ್ರೆ ಸಾಹೇಬರು ನಮ್ಮ ಕಾಡಲ್ಲಿ ಕುದುರೆ ಮೇಲೆ ಬೇಟೆ ಆಡ್ತಿದ್ರಾ? ನೆಲ ನೋಡಿದ್ರೆ ಉತ್ತರ ಗೊತ್ತಾಗುತ್ತೆ. ಮುಂಡಗೋಡದಿಂದ ಹುಬ್ಬಳ್ಳಿ ಕಡೆ, ಹಳಿಯಾಳದಿಂದ ಧಾರವಾಡದ ಕಡೆ ನೆಲ ಬಯಲಾಗ್ತಾ ಹೋಗುತ್ತೆ, ಅಲ್ಲಿ ಕುದುರೆ ಓಡುತ್ತೆ. ಜೋಯಿಡಾ ಕಡೆ ತಿರುಗಿ. ಬಿದಿರಮೆಳೆ, ಬಳ್ಳಿ, ಇಳಿಜಾರು, ಜಿಗಣೆ. ಇಲ್ಲಿ ಕುದುರೆ ನಾಗಾಲೋಟ ಹೋದ್ರೆ ಹತ್ತು ಮಾರಿಗೆ ಕಾಲು ಮುರೀತು ಅಂತಲೇ ಲೆಕ್ಕ. ಬಯಲು ಸಿಕ್ಕ ಕಡೆ ಬ್ರಿಟಿಷರು ತಮ್ಮ ಊರಿನ ಆಟವನ್ನೇ ಹೂಡಿದ್ರು. ಊಟಿಯ ಹುಲ್ಲುಗಾವಲಲ್ಲಿ ಕೆಂಪು ಕೋಟು, ನಾಯಿಗಳ ದಂಡು ಎಲ್ಲಾ ಇತ್ತು, ಇಂಗ್ಲೆಂಡಿನ ನರಿ ಬದಲು ಇಲ್ಲಿಯ ಗುಳ್ಳೆನರಿ, ಅಷ್ಟೇ ವ್ಯತ್ಯಾಸ. ದಟ್ಟ ಕಾಡಲ್ಲಿ ಆಟ ಬೇರೆ: ಮರದ ಮೇಲೆ ಅಟ್ಟಣಿಗೆ, ಕೈಯಲ್ಲಿ ಬಂದೂಕು, ಕೆಳಗೆ ತಮಟೆ ಬಡಿದು, ಕೂಗಿ, ಪೊದೆ ಸವರಿ ಪ್ರಾಣಿಯನ್ನ ಬಂದೂಕಿನ ಕಡೆ ಅಟ್ಟೋ ಹಳ್ಳಿ ಜನ.

ಈ ಬೇಟೆಗಳ ಚಿತ್ರವೂ ಲಂಡನ್ನಿನಲ್ಲಿ ಮಾರಾಟವಾದವು. ಬಂಗಾಳದಲ್ಲಿ ಸೈನ್ಯದಲ್ಲಿದ್ದ ಥಾಮಸ್ ವಿಲಿಯಮ್ಸನ್‌ನ 'ಓರಿಯೆಂಟಲ್ ಫೀಲ್ಡ್ ಸ್ಪೋರ್ಟ್ಸ್' 1807ರಲ್ಲಿ ನಲವತ್ತು ಬಣ್ಣದ ಚಿತ್ರಗಳೊಂದಿಗೆ ದೊಡ್ಡ ಪುಸ್ತಕವಾಗಿ ಬಂತು. ಅವನು ಕೊಟ್ಟ ರೇಖಾಚಿತ್ರ ಇಟ್ಟುಕೊಂಡು ಸ್ಯಾಮ್ಯುಯೆಲ್ ಹೋವಿಟ್ ಅನ್ನೋ ಇಂಗ್ಲಿಷ್ ಕಲಾವಿದ ಅಂದಗೊಳಿಸಿದ. ಭಾರತ ನೋಡದ ಸಾವಿರಾರು ಜನರ ತಲೆಯಲ್ಲಿ 'ಭಾರತದ ಕಾಡು' ಅಂದ್ರೆ ಇದೇ ಆಯ್ತು: ಆನೆ ಮೇಲೆ ಸಾಹೇಬ, ಬಾಯಿ ತೆರೆದ ಹುಲಿ, ಹಿಂದೆ ಗುಂಪಾಗಿ ಬರಿಗಾಲಿನ ಜನ. ಗುಂಪು ಅಂದ್ರೆ ಗುಂಪೇ. ಹುಲಿ ಮೊದಲು ಎದುರಾಗೋದು ಅವರಿಗೆ. ಸಾಹೇಬ ಆನೆ ಮೇಲಿದ್ದಾನೆ.

ಇದು ನಮ್ಮ ನಾಲ್ಕು ತಾಲ್ಲೂಕಿನವರಿಗೆ ಬರೀ ಕಲಾ ಇತಿಹಾಸ ಅಲ್ಲ. ಕುದುರೆ ಬಂದ ಅದೇ ಅರಬ್ಬಿ ಸಮುದ್ರ ದಾಟಿಸಿ ಪೋರ್ಚುಗೀಸರು ಆಫ್ರಿಕಾದ ಜನರನ್ನ ಗುಲಾಮರಾಗಿ ಗೋವಾಕ್ಕೆ ತಂದ್ರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳೇ ಇವತ್ತು ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾದ ಸಿದ್ದಿ ಕುಟುಂಬಗಳು. ಪರಿಶಿಷ್ಟ ಪಂಗಡ ಅಂತ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಆ ಕಾಲದ ಯುರೋಪಿನ ಸಿರಿವಂತರ ಚಿತ್ರಗಳಲ್ಲಿ ಕುದುರೆ ಹಿಡಿದೋ ತಟ್ಟೆ ಹಿಡಿದೋ ಅಂಚಿನಲ್ಲಿ ಕಪ್ಪು ಹುಡುಗನೊಬ್ಬ ನಿಂತಿರೋದು ಸಾಮಾನ್ಯ. ಮಧ್ಯದ ಸಾಹೇಬನ ವಂಶವೃಕ್ಷವೇ ಸಿಗುತ್ತೆ, ಕುದುರೆಯದ್ದೂ ಸಿಗುತ್ತೆ. ಆ ಹುಡುಗನದ್ದು ಸಿಗಲ್ಲ. ನನ್ನ ಕೇಳುಗರಲ್ಲಿ ಸಿದ್ದಿ ಗೆಳೆಯರಿದ್ದಾರೆ. ಈ ಚಿತ್ರಗಳನ್ನ ನೋಡುವಾಗ ಅವರ ಕಣ್ಣು ಮೊದಲು ಹೋಗೋದು ಮಧ್ಯಕ್ಕಲ್ಲ, ಅಂಚಿಗೆ.

ಬೇಟೆಯಲ್ಲಿ ಜೊತೆಗಿದ್ದವರಿಗೆ ಹೆಸರು ಕೊಟ್ಟ ಚಿತ್ರವೇ ಇಲ್ವಾ? ಇದೆ, ಅದೂ ಕನ್ನಡದಲ್ಲಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಕ್ರಿ.ಶ. 949-50ರದ್ದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಗಂಗ ದೊರೆ ಬೂತುಗನ ಕಡೆ ಮಣಲರತ ಅನ್ನೋ ವೀರ ಚೆನ್ನಾಗಿ ಹೋರಾಡಿದ. ಮೆಚ್ಚಿದ ದೊರೆ ಏನು ಬೇಕು ಕೇಳು ಅಂದ. ಮಣಲರತ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ದೊರೆಯ ನಾಯಿಯನ್ನ ಕೇಳಿದ. ನಾಯಿ ಹೆಸರು ಕಾಳಿ. ಹೌದು, ದಾಂಡೇಲಿಯವರಿಗೆ ನದಿಯ ಹೆಸರೇ ಕೇಳಿದ ಹಾಗಾಗುತ್ತೆ. ಆಮೇಲೆ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನ ಬಿಟ್ರು. ಕಾದಾಡಿ ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಕಾಳಿಗಾಗಿ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ್ರು, ಭೂಮಿ ಬಿಟ್ರು, ಪೂಜೆಗೆ ಗೊರವನನ್ನ ನೇಮಿಸಿದ್ರು. ಪೂಜೆ ಮಾಡದೇ ಅವನು ಉಂಡರೆ ನಾಯಿಯ ಪಾಪ ಅವನಿಗೆ ಅಂತಲೂ ಬರೆಸಿದ್ರು! ಕಲ್ಲ ಮೇಲೆ ನಾಯಿ ಹಂದಿ ಎದುರುಬದುರಾಗಿ ಕಾದಾಡ್ತಿವೆ. ಸವಾರನಿಲ್ಲ, ದೊರೆಯಿಲ್ಲ. ಚೌಕಟ್ಟಿನ ತುಂಬ ಸತ್ತ ನಾಯಿಯದ್ದೇ ಶೌರ್ಯ.

ಇದನ್ನ ಹೇಳಿ 'ನಮ್ಮವರೇ ಮೇಲು' ಅಂತ ಚಪ್ಪಾಳೆ ಹೊಡೆಯೋಕೆ ನಾನು ಬಂದಿಲ್ಲ. ಅದೇ ಶಾಸನದಲ್ಲಿ ರಾಷ್ಟ್ರಕೂಟರ ಗೆಲುವು, ಗಂಗರ ಹೊಗಳಿಕೆ ಎಲ್ಲಾ ಇದೆ, ಆ ದಿನ ಗುಡ್ಡದಲ್ಲಿ ಪೊದೆ ಬಡಿದವರು ಯಾರು ಅಂತ ಇಲ್ಲ. ನಾಯಿಗೆ ಹೆಸರು ಸಿಕ್ಕಿತು, ಪೊದೆ ಬಡಿದವನಿಗೆ ಅಲ್ಲೂ ಸಿಗಲಿಲ್ಲ. ವ್ಯತ್ಯಾಸ ಇರೋದು ಒಂದರಲ್ಲಿ: ಸ್ಟಬ್ಸ್‌ನ ಚಿತ್ರ ಬದುಕಿರೋ ಮಾಲೀಕನ ಗೋಡೆಗೆ, ವೀರಗಲ್ಲು ಸತ್ತವನ ಲೆಕ್ಕಕ್ಕೆ. ಗಿಮ್‌ಕ್ರ್ಯಾಕ್ ಚಿತ್ರದಲ್ಲಿ ಒಂದೇ ಕುದುರೆ ಎರಡು ಸಲ ಬಂತಲ್ಲ, ಮೂರು ಹಂತದ ವೀರಗಲ್ಲಿನಲ್ಲಿ ಒಬ್ಬನೇ ಮನುಷ್ಯ ಮೂರು ಸಲ ಬರ್ತಾನೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಕರಕೊಂಡು ಹೋಗೋದು, ಮೇಲೆ ಶಿವಲಿಂಗದ ಮುಂದೆ ಕೂತಿರೋದು. ರೀಲ್ಸ್ ನೋಡೋ ನಮಗೆ ಇದು ಕಷ್ಟದ ಭಾಷೆಯೇನಲ್ಲ, ಕೆಳಗಿನಿಂದ ಮೇಲಕ್ಕೆ ಸ್ಕ್ರೋಲ್ ಮಾಡಬೇಕು ಅಷ್ಟೇ.

ಬೇಟೆಯ ಕಾಲ ಎರಡೂ ಕಡೆ ಕಾನೂನಿನ ಪ್ರಕಾರ ಮುಗಿದಿದೆ. ದಾಂಡೇಲಿ ಅಭಯಾರಣ್ಯ ಆಗಿದ್ದು 1956ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು, ಹುಲಿ ಮೀಸಲು ಪ್ರದೇಶ ಅಂತ ಘೋಷಣೆ 2007ರಲ್ಲಿ, ಕಾಳಿ ಅನ್ನೋ ಹೆಸರು 2015ರಲ್ಲಿ. ಇಂಗ್ಲೆಂಡಿನಲ್ಲಿ ನಾಯಿ ಬಿಟ್ಟು ನರಿ ಬೇಟೆ ಆಡೋದನ್ನ ನಿಷೇಧಿಸಿದ್ದು 2004ರ ಕಾಯ್ದೆ. ಅಂದ್ರೆ ಕಾನೂನಿನ ವಿಷಯದಲ್ಲಿ ಅವರು ನಮಗಿಂತ ಮೂವತ್ತು ವರ್ಷ ಹಿಂದೆ! ಸಫಾರಿ ಜೀಪಿನ ಫೋಟೋದಲ್ಲಿ ಮಾತ್ರ ಹಳೇ ಚೌಕಟ್ಟು ಹಂಗೇ ಉಳಿದಿದೆ. ಹುಲಿಗೆ ಹೆಸರು ಅಥವಾ ನಂಬರ್ ಇರುತ್ತೆ, ಫೋಟೋಗ್ರಾಫರ್‌ಗೆ ವಾಟರ್‌ಮಾರ್ಕ್ ಇರುತ್ತೆ. ಹುಲಿಯ ಹೆಜ್ಜೆ ಗುರುತಿಸಿ ಜೀಪ್ ನಿಲ್ಲಿಸಿದ ಡ್ರೈವರ್, ಗೈಡ್ ಅಣ್ಣನ ಹೆಸರು ಕ್ಯಾಪ್ಷನ್ನಿನಲ್ಲಿ ಹುಡುಕಿ ನೋಡಿ.

ಕೊನೆಗೆ ಒಂದು ಕೆಲಸ ಕೊಡ್ತೀನಿ. ನಿಮ್ಮೂರ ಗುಡಿ ಹಿಂದೆಯೋ ಕೆರೆ ಏರಿ ಮೇಲೋ ಹೊಲದ ಬದುವಿನಲ್ಲೋ ವೀರಗಲ್ಲಿದ್ರೆ, ಮಧ್ಯಾಹ್ನ ಹೋಗಬೇಡಿ, ಏನೂ ಕಾಣಲ್ಲ. ಬೆಳಿಗ್ಗೆ ಏಳರ ಸುಮಾರಿಗೆ ಅಥವಾ ಸಂಜೆ ಐದರ ಮೇಲೆ ಓರೆ ಬಿಸಿಲು ಬಿದ್ದಾಗ ಹೋಗಿ. ಮೋಡ ಇದ್ರೆ ಇನ್ನೊಬ್ಬರ ಫೋನಿನ ಟಾರ್ಚನ್ನ ಕಲ್ಲಿನ ಪಕ್ಕದಿಂದ ಹಿಡಿಸಿ. ಅಕ್ಷರ ಕಾಣಲಿ ಅಂತ ಎಣ್ಣೆ, ಸುಣ್ಣ, ಸೀಮೆಸುಣ್ಣ ಹಚ್ಚಬೇಡಿ, ಕಲ್ಲು ಹಾಳಾಗುತ್ತೆ. ಪೂಜೆ ನಡೆಯೋ ಕಲ್ಲಾಗಿದ್ರೆ ಮೊದಲು ಊರಿನ ಹಿರಿಯರನ್ನ ಕೇಳಿ. ಕೆಳಗಿನ ಹಂತ ನೋಡಿ: ಎದುರಿಗಿರೋದು ಮನುಷ್ಯನಾ, ಹಂದಿಯಾ, ಹುಲಿಯಾ? ಕುದುರೆ ಇದ್ರೆ ಅದರ ಕಾಲು ಹೇಗಿವೆ, ಹಿಂಗಾಲು ನೆಲದ ಮೇಲಿದೆಯಾ? ಕುದುರೆ ಪಕ್ಕದಲ್ಲಿ ಕೊಡೆ ಹಿಡಿದವರು, ಓಡ್ತಿರೋ ಸಣ್ಣ ಆಕೃತಿಗಳು ಇವೆಯಾ ಅಂತ ಜೂಮ್ ಮಾಡಿ ನೋಡಿ. ಫೋಟೋ ಜೊತೆ ಊರ ಹೆಸರು ಹಾಕಿ ಕಳಿಸಿ. ಮುಂಡಗೋಡ, ಹಳಿಯಾಳ ಕಡೆಯವು ನಾಲ್ಕೈದು ಬಂದ್ರೂ ಸಾಕು, ಓದೋಕೆ ಬರೋರನ್ನ ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಂದು ಸಂಚಿಕೆ ಮಾಡ್ತೀನಿ.